ಅಕ್ಷರ ಓಡದ ಪರದೆ

ಎಲ್ಲಕ್ಕೂ ಕಾರಣ ಒಂದೇ ಒಂದು ಸಾಲು. ಹಿಂದಿನ ಸಂಜೆ ಮಾರುಕಟ್ಟೆಯ ಹೊಸ ಎಲ್‌ಇಡಿ ಫಲಕದ ಗುತ್ತಿಗೆದಾರ ಫೋನಿನಲ್ಲಿ ಹೇಳಿದ, ಮಕರಂದ ಖೈರ್ನಾರ್ ಹಾಗೇ ಸರ್ವರಿನೊಳಗೆ ಬರೆದ. ಇದು ಯಾಕೆ, ಏನು ಎಂದು ಕೇಳುವ ವ್ಯವಧಾನ ಅವನಿಗಿರಲಿಲ್ಲ. ಊರಿನ ಕಡೆಯ ಬಸ್ಸು ಹೊರಡುವ ಹೊತ್ತಾಗಿತ್ತು.

ಬೋರಟೆಗಾವದ ಈರುಳ್ಳಿ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನೊಬ್ಬನೇ. ಮದುವೆಯಾಗಿ ವರ್ಷ ತುಂಬಿಲ್ಲ. ಹೆಂಡತಿ ಕೇತಕಿ ಅವನೂರಿನ ಶಾಲೆಯಲ್ಲಿ ಟೀಚರು. ಇವನು ಎರಡು ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಭಾಕರಿ ರೊಟ್ಟಿ ತಣ್ಣಗಾಗಿ ಅವಳ ತಲೆ ಬಿಸಿಯಾಗಿರುತ್ತಿತ್ತು. ನಮ್ಮೂರ ಉಪಮಾರುಕಟ್ಟೆಗೆ ವರ್ಗ ಕೊಡಿ ಎಂದು ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ ಗಾಂಗುರ್ಡೆ ಸಾಹೇಬರ ಬೆನ್ನು ಹತ್ತಿದ್ದ. ಕೊನೆಗೂ ಅವರ ಮನಸ್ಸು ಕರಗಿತ್ತು.

"ದರ ತೋರಿಸೋ ಹೊಸ ಫಲಕದ ಉದ್ಘಾಟನೆ ಸುಸೂತ್ರ ಆಗ್ಲಿ. ಅಲ್ಲೇ ಸಹಿ ಹಾಕಿ ಕೈಗೆ ಕೊಡ್ತೀನಿ."

ಇಂದು ಆ ದಿನ. ಮಕರಂದ ಇಸ್ತ್ರಿ ಅಂಗಿ ತೊಟ್ಟು ಬಂದು ಸರ್ವರಿನ ಗುಂಡಿ ಒತ್ತಿದ. ಫ್ಯಾನು ಗುಂಯ್‌ಗುಟ್ಟಿತು, ಹಸಿರು ದೀಪ ಮಿನುಗಿತು. ಪರದೆ ಮಾತ್ರ ಕಗ್ಗತ್ತಲು. ದಿನಾ ಇರುವೆ ಸಾಲಿನ ಹಾಗೆ ಓಡುತ್ತಿದ್ದ ಬಿಳಿ ಅಕ್ಷರಗಳಲ್ಲಿ ಒಂದೂ ಇಲ್ಲ.

"ಸ್ಕ್ರೀನೇ ಗೊಟಕ್ ಅಂದಿರ್ಬೇಕು ಬಿಡೋ!" ಎಂದರು ತೂಕದ ಮನೆಯ ದೌಲತ್ ಕಾಕಾ. ತಮ್ಮ ಕೋಣೆಯ ಪರದೆಯನ್ನೇ ಕಿತ್ತು ಹೊತ್ತು ತಂದರು. ಜೋಡಿಸಿದರೆ ಅದೂ ಕಪ್ಪು. ವೈರು ಬದಲಿಸಿದರೂ ಕಪ್ಪು.

"ದೃಷ್ಟಿ ತಾಗಿದೆ ಕಣೋ, ನಿಲ್ಲು," ಎನ್ನುತ್ತ ಲೆಕ್ಕದ ವಿಭಾಗದ ಶಕೂತಾಯಿ ಉಪ್ಪು ಮೆಣಸಿನಕಾಯಿ ಹಿಡಿದು ಬಂದು ಸರ್ವರಿಗೆ ನಿವಾಳಿಸತೊಡಗಿದರು.

"ತಾಯಿ, ಉಪ್ಪು ಒಳಗೆ ಬಿದ್ರೆ ನಿಜವಾಗ್ಲೂ ಸಾಯ್ತದೆ!"

ಅಷ್ಟರಲ್ಲಿ ಗುಲಾಬಿ ಪೇಟ ಸುತ್ತಿದ ಗಾಂಗುರ್ಡೆ ಸಾಹೇಬರು ಧಾವಿಸಿ ಬಂದರು. "ಇನ್ನೂ ಕಪ್ಪಗಿದ್ಯಾ? ಸಮಿತಿ ಸಭಾಪತಿ ಯಮುನಾ ಆಜಿ ಬಂದಾಯ್ತು! ಅಂಗಳದ ತುಂಬ ಟ್ರಾಕ್ಟರು! ಕೇಳಿಲ್ಲಿ, ಇದ್ರಲ್ಲಿ ಅಕ್ಷರ ಓಡೋ ತನಕ ಫಲಕದ ಬಟ್ಟೆ ತೆಗೆಸಲ್ಲ. ಆಜಿನ ಮಾತಲ್ಲಿ ಹಿಡಿದಿಟ್ಟಿರ್ತೀನಿ. ಓಡ್ಲಿಲ್ವೋ, ನಿನ್ನ ವರ್ಗಾನೂ ಇಲ್ಲ, ಗಿರ್ಗಾನೂ ಇಲ್ಲ!" ಎಂದವರೇ ಬಂದಷ್ಟೇ ವೇಗದಲ್ಲಿ ಹೋದರು.

ಮಕರಂದ ಆರಿಸಿ ಮತ್ತೆ ಹಚ್ಚಿದ. ಪರದೆ ಕಪ್ಪೇ. ಹೊರಗೆ ಅಂಗಳದಲ್ಲಿ ಮಾತ್ರ "ಹೋ!" ಎಂದು ದೊಡ್ಡ ಕೂಗೆದ್ದಿತು.

"ತಡ ಆಯ್ತು ಅಂತ ರೈತರು ರೇಗ್ತಿದ್ದಾರೆ," ಎಂದ ಮಕರಂದ ಬೆವರೊರೆಸುತ್ತ.

"ನೋಡ್ಕೊಂಡು ಬರ್ತೀನಿ ಇರು," ಎಂದು ದೌಲತ್ ಕಾಕಾ ಹೋದರು. ಹೋದವರು ತಿರುಗಿ ಬರಲಿಲ್ಲ.

ಇನ್ನೊಮ್ಮೆ ಆರಿಸಿ ಹಚ್ಚಿದ. ಈ ಸಲ ಸಿಳ್ಳೆಗಳೂ ಕೇಳಿದವು. "ಈ ಮುದುಕ ಎಲ್ಲಿ ಹಾಳಾಗಿ ಹೋದ?" ಎಂದು ಶಕೂತಾಯಿ ಹುಡುಕಿಕೊಂಡು ಹೊರಟರು. ಅವರೂ ನಾಪತ್ತೆ.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮಕರಂದ ಒಂಟಿಯಾದ. ಕಟ್ಟಕಡೆಯ ಉಪಾಯವೆಂದು ಲ್ಯಾಪ್‌ಟಾಪಿನಿಂದ ಸರ್ವರನ್ನು ತಟ್ಟಿ ನೋಡಿದ. ಅಬ್ಬಾ, ಒಡನೆ ಓಗೊಟ್ಟಿತು! ಯಂತ್ರ ಸತ್ತಿಲ್ಲ, ಕಲ್ಲುಗುಂಡಿನಂತಿದೆ. ಮಾತು ಮಾತ್ರ ಪರದೆಗೆ ಬರುತ್ತಿಲ್ಲ. ಕುಣಿಯುವಷ್ಟು ಖುಷಿಯಾಯಿತು ಅವನಿಗೆ. ಪರೀಕ್ಷೆಗೆಂದು ಒಂದು ಸಾಲು ಟೈಪು ಮಾಡಿ ಪರದೆಗೆ ಕಳಿಸಿದ: "ನಮಸ್ಕಾರ. ಕಾಣ್ತಿದ್ಯಾ?"

ಪರದೆ ಕಪ್ಪು. ಹೊರಗೆ ಗದ್ದಲ.

"ಕಾಣ್ತಿಲ್ವಾ? ಕಣ್ಣಿಗೆ ಈರುಳ್ಳಿ ಹಿಂಡ್ಲಾ?"

ಪರದೆ ಕಪ್ಪು. ಹೊರಗೆ ನಗೆಯ ಅಲೆ. ಜಗತ್ತೆಲ್ಲ ಹಬ್ಬ ಮಾಡುತ್ತಿರುವಾಗ ತಾನೊಬ್ಬನೇ ಇಲ್ಲಿ ಬೇಯುತ್ತಿದ್ದೇನೆಂದು ಅವನಿಗೆ ಉರಿದುಹೋಯಿತು. ಹೇಗೂ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಬೆರಳಿಗೆ ಬಂದದ್ದನ್ನೆಲ್ಲ ಕುಟ್ಟಿದ.

"ಗಾಂಗುರ್ಡೆ ಸಾಹೇಬ್ರು ದಲ್ಲಾಳಿ ಅಂಗಡಿಯ ಗಾದಿ ಮೇಲೆ ನಿದ್ದೆ ಮುಗಿಸೋ ತನಕ ಇಲ್ಲಿ ಹರಾಜು ಶುರು ಆಗಲ್ಲ. ರೈತರು ಬಿಸಿಲಲ್ಲಿ ಬೇಯ್ಲಿ, ಸಾಹೇಬ್ರ ಗೊರಕೆ ಕೆಡಬಾರ್ದು."

ತಡೆದು, ಕಣ್ಣು ತೇವವಾಗಿ, ಇನ್ನೊಂದು ಸಾಲು ಸೇರಿಸಿದ: "ಕೇತಕಿ, ಇವತ್ತೂ ಊಟಕ್ಕೆ ಕಾಯ್ಬೇಡ."

ಗೋಡೆ ಅದುರುವಂಥ ಚಪ್ಪಾಳೆ! ಇದೇನೆಂದು ಮಕರಂದ ಬಾಗಿಲು ತೆರೆದು ಓಡಿದ.

ಫಲಕದ ಮೇಲೆ ಬಟ್ಟೆ ಇರಲಿಲ್ಲ. ಮುಹೂರ್ತ ಮೀರುತ್ತದೆಂದು ಆಜಿ ಆಗಲೇ ತಾವೇ ಹಗ್ಗ ಎಳೆದುಬಿಟ್ಟಿದ್ದರು. ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಕೇತಕಿಯ ಹೆಸರು ಮೆರವಣಿಗೆ ಹೊರಟಿತ್ತು. ನಿನ್ನೆ ಬರೆದ ಆ ಒಂದು ಸಾಲು ಸರ್ವರಿನ ಬಾಯನ್ನು ಪರದೆಯಿಂದ ಫಲಕದತ್ತ ತಿರುಗಿಸಿತ್ತೆಂದು ಅವನಿಗೆ ಆಗ ಹೊಳೆಯಿತು.

"ಮೊದ್ಲು ಏನೇನೋ ಇಂಗ್ಲಿಷು ಓಡ್ತು ಕಣೋ," ದೌಲತ್ ಕಾಕಾ ನಗು ತಡೆಯಲಾರದೆ ಹೇಳಿದರು. "ನಡುವೆ ಮೆಮೊರಿ ಎಂಟು ಸಾವಿರ ಚಿಲ್ರೆ ಅಂತ ಬಂತು ನೋಡು, ಈರುಳ್ಳಿ ರೇಟು ಅಂದ್ಕೊಂಡು ರೈತ್ರು ಟೋಪಿ ಹಾರಿಸಿದ್ರು! ವ್ಯಾಪಾರಿಗಳು ಪರಾರಿ!"

ಗಾಂಗುರ್ಡೆ ಸಾಹೇಬರ ಮುಖ ಪೇಟಕ್ಕಿಂತ ಕೆಂಪಾಗಿತ್ತು. ವರ್ಗದ ಕಾಗದ ತೆಗೆದು, ಮಕರಂದನ ಬೆನ್ನಿನ ಮೇಲೆಯೇ ಇಟ್ಟು ಪರಪರ ಸಹಿ ಹಾಕಿದರು. "ತಗೋ! ಹೊರಡು! ಈಗಿಂದೀಗ್ಲೇ ನಿನ್ನೂರಿಗೆ ತೊಲಗು!"

ಮಕರಂದನಿಗೆ ಸ್ವರ್ಗ ಮೂರೇ ಗೇಣು. ಕೈ ಚಾಚಿದ. ಕಾಗದ ಬೆರಳಿಗೆ ತಾಗುವಷ್ಟರಲ್ಲಿ ಸುಕ್ಕುಗಟ್ಟಿದ ಕೈಯೊಂದು ಅದನ್ನು ಸೆಳೆದುಕೊಂಡಿತು. ಸಭಾಪತಿ ಯಮುನಾ ಆಜಿ.

"ಇವ್ನನ್ನ ಕಳಿಸ್ತೀಯಾ ಗಾಂಗುರ್ಡೆ? ಇಷ್ಟು ವರ್ಷದಲ್ಲಿ ಈ ಪೇಟೇಲಿ ನಿಜ ಹೇಳಿದ ಮೊದಲ್ನೇ ಗಂಡಸು ಇವ್ನು!" ಆಜಿ ಕಾಗದವನ್ನು ನಾಲ್ಕು ತುಂಡು ಮಾಡಿದರು. "ನಾನು ಸಭಾಪತಿ ಆಗಿರೋ ತನಕ ಇವ್ನು ಇಲ್ಲಿಂದ ಕದಲಕೂಡ್ದು. ದಿನಾ ಹರಾಜಿಗೆ ಮುಂಚೆ ಫಲಕದಲ್ಲಿ ಹಿಂಗೇ ನಾಲ್ಕು ಮಾತು ಬರೀಲಿ."

"ಬೇಡ ಆಜಿ!" ಸಾಹೇಬರೂ ಮಕರಂದನೂ ಒಟ್ಟಿಗೇ ಕೂಗಿದರು. ನೌಕರಿಗೆ ಸೇರಿದಾಗಿನಿಂದ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ರೈತರ ಜೈಕಾರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮಕರಂದನ ಫೋನು ಬಡಿದುಕೊಂಡಿತು. ಕೇತಕಿ.

"ಏನ್ರೀ, ಫಲಕದ ಫೋಟೋ ಆಗ್ಲೇ ನಮ್ಮ ಶಾಲೆ ಪೂರ್ತಿ ಸುತ್ತಿ ಬಂತು. ನೀವು ಹೇಳಿದ ಹಾಗೇ ಮಾಡ್ತೀನಿ. ಇನ್ಮೇಲೆ ಕಾಯಲ್ಲ, ಬರ್ತಾ ಅಲ್ಲೇ ಎಲ್ಲಾದ್ರೂ ತಿಂದ್ಕೊಂಡು ಬನ್ನಿ."