ಸತ್ತವರಿಗೂ ಭಜಿ ಕೊಡ್ರಿ

ಖರೇ ಅಪಘಾತಕ್ಕಿಂತ ಸುಳ್ಳು ಅಪಘಾತದಾಗೇ ತಲಿನೋವು ಜಾಸ್ತಿ ಅಂದ್ರ ಯಾರೂ ನಂಬಂಗಿಲ್ಲ. ನಾ ಬೀದರದಾಗ ನರ್ಸ್ ಆಗಿದ್ದು ರಿಟೈರ್ ಆದಾಕಿ. ಈಗ ಜಿಲ್ಲಾದಾಗ ಎಲ್ಲೇ ಮಾಕ್ ಡ್ರಿಲ್ ಆದ್ರೂ ನನ್ನ ಕರೀತಾರ. ಗಾಯಾಳು ಆಗಲಿಕ್ಕೆ ಬಂದ ಮಂದಿಗೆ ಕುಂಕುಮ ಕಲಸಿ ರಕ್ತ ಹಚ್ಚೂದು, ಮುಗದ ಮ್ಯಾಲ ಬಾಜೂಕ ಕುಂಡ್ರಿಸಿಕೊಂಡು ‘ಮನಸ್ಸು ಹ್ಯಾಂಗದರಿ, ಅಂಜಿಕಿ ಏನರ ಆತೇನ್ರಿ’ ಅಂತ ಕೇಳೂದು ನನ್ನ ಕೆಲಸ. ಸುಳ್ಳು ಗಾಯ ತೊಳದ್ರ ಹೋಗ್ತದ, ಅಂಜಿಕಿ ಮನಿತನಕ ಬರ್ತದ. ಹಿಂಗ ಕೇಳ್ಕೋತ ಹೋದ್ರ ಪ್ರತಿ ಸಲ ಒಂದಿಲ್ಲೊಂದು ಆಗೇ ಆಗ್ತದ.

೧. ಭಜಿ ವಾಸನಿ

ಬೀದರದ ಚಿದ್ರಿಯೊಳಗ ನಮ್ಮ ಬಾಜೂಮನಿ ಅಕ್ಕಾರಿಗೆ ಎಲ್ಲಾರೂ ‘ಬಾಯಿ’ ಅಂತಾರ. ಅವರನ್ನ ಗಾಯಾಳು ಆಗೂ ಕೆಲಸಕ್ಕ ಹಚ್ಚಿದಾಕಿ ನಾನೇ. ಅವರ ಯಜಮಾನ್ರು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಮನಿಯೊಳಗೂ ಅವರ ಮಾತು ‘ಮುಂದ ನಡೀರಿ, ಜಲ್ದಿ ಮಾಡ್ರಿ’ ಇಷ್ಟೇ. ಬಾಯಿಗೂ ನಾಕು ಮಂದಿ ಜೋಡಿ ಮಾತಾಡಿದಂಗ ಆಗ್ತದ ಅಂತ ಕರಕೊಂಡು ಹೋದೆ.

ಆವತ್ತು ಬೀದರದಾಗ ಕಟ್ಟಡ ಬಿದ್ದಂಗ ಡ್ರಿಲ್. ಕೆಂಪು ರಿಬ್ಬನ್ ಕಟ್ಟಿದವರಿಗೆ ಭಾಳ ಪೆಟ್ಟಾಗ್ಯದ, ಮೊದಲು ಎತ್ತಬೇಕು. ಕರಿ ರಿಬ್ಬನ್ ಅಂದ್ರ ಸತ್ತಾರ, ಕಡೀಕ ಎತ್ತೂದು. ಬಾಯಿ ಪಾಲಿಗೆ ಕರೀದು ಬಂತು. ‘ಯಾರರ ಎತ್ತೂತನಕ ಕಣ್ಣು ತೆರೀಬ್ಯಾಡ್ರಿ’ ಅಂತ ಹೇಳಿ ಮಲಗಿಸಿದೆ. ಕೆಂಪಿನವರನ್ನ ಎತ್ತಿದ್ರು, ಸಾಹೇಬ್ರು ಭಾಷಣ ಮಾಡಿದ್ರು, ಫೋಟೋ ಆತು, ಎಲ್ಲಾರೂ ಚಾ ಕುಡೀಲಿಕ್ಕೆ ಹೋದ್ರು. ಪ್ಲೇಟ್ ಕೈಯಾಗ ಹಿಡದಾಗ ನನಗ ನೆನಪಾತು. ಓಡಿದೆ. ಬಾಯಿ ಇಟ್ಟಂಗಿ ನಡುವ ಹಂಗೇ ಮಲಗ್ಯಾರ.

‘ಸಿಸ್ಟರ್, ನಾ ಇನ್ನೂ ಸತ್ತೇ ಇದ್ದೀನೇನ್ರಿ? ಭಜಿ ವಾಸನಿ ಬರ್ಲಕತ್ತದ’ ಅಂದ್ರು.

ಇಬ್ಬರೂ ನಕ್ಕೆವು. ಆದ್ರ ಮರುದಿನ ಮನಸ್ಸು ಹ್ಯಾಂಗದರಿ ಅಂತ ಕೇಳಿದ್ರ ಬಾಯಿ ನಗಲಿಲ್ಲ. ‘ನಿದ್ದಿ ಬರಲಿಲ್ಲರಿ. ನಾಳಿ ಖರೇನೇ ಏನರ ಆದ್ರೂ ನನ್ನ ಹಿಂಗೇ ಮರತು ಹೋಗ್ತಾರ ಅನಸ್ಲಕತ್ತದ’ ಅಂದ್ರು. ನನಗ ಭಾಳ ಕೆಟ್ಟನಿಸ್ತು. ಸತ್ತವರಿಗೆ ಮೊದಲು ಭಜಿ ಕೊಡಬೇಕು ಅನ್ನೂದು ಅವತ್ತಿಂದ ನನ್ನ ಕಾನೂನು.

೨. ಮುರದ ಕಾಲು, ಮುರದ ಕೈ

ಭಾಲ್ಕಿ ಸ್ಟೇಷನ್ನಿನಾಗ ರೈಲಿನ ಡ್ರಿಲ್. ಖಟಕ ಚಿಂಚೋಳಿ ಊರಿನ ಕಾಕಾ ಒಬ್ಬರಿಗೆ ಕಾಲು ಮುರದದ, ಬಾಯಿಗೆ ಕೈ ಮುರದದ. ಕಾಕಾನ ಊರವರು ಯಾರೋ ನೋಡಿ ಊರಿಗೆ ಫೋನ್ ಹಚ್ಚ್ಯಾರ. ನಾ ರಕ್ತ ತೊಳಿಯೂದರಾಗ ಒಂದು ಟೆಂಪೊ ತುಂಬ ಮಂದಿ ಬಂದ್ರು. ರೊಟ್ಟಿ, ಪುಂಡಿಪಲ್ಯ, ಬ್ರೆಡ್ಡು, ಎಳನೀರು ಎಲ್ಲಾ ತಂದಾರ. ಒಬ್ಬಾಕಿ ಮುದುಕಿ ಕಾಕಾನ ಕಾಲು ಹಿಡಕೊಂಡು ಅಳ್ಲಕತ್ಲು. ಇಷ್ಟು ಮಂದಿ ಮುಂದ ‘ನನಗೇನೂ ಆಗಿಲ್ಲ’ ಅನ್ಲಿಕ್ಕೆ ಕಾಕಾಗ ಧೈರ್ಯ ಆಗಲಿಲ್ಲ. ಕುಂಟ್ಕೋತ ಹೋಗಿ ಟೆಂಪೊ ಹತ್ತಿದ್ರು.

ವಾರ ಬಿಟ್ಟು ಫೋನ್ ಮಾಡಿ ಮನಸ್ಸು ಹ್ಯಾಂಗದರಿ ಅಂದೆ. ‘ಮನಸ್ಸು ಭೇಷ್ ಅದರಿ ಸಿಸ್ಟರ್. ಕುಂಟಿ ಕುಂಟಿ ಕಾಲೇ ಖರೇ ನೋಯ್ಲಕತ್ತದ’ ಅಂದ್ರು.

ಡ್ರಿಲ್ ದಿನ ಸ್ಟೇಷನ್ನಿನಾಗ ಇದನ್ನೆಲ್ಲ ನೋಡ್ಕೋತ ಕುಂತಿದ್ದ ಬಾಯಿ, ತಾವೂ ಯಜಮಾನ್ರಿಗೆ ಫೋನ್ ಹಚ್ಚಿ ‘ಇಲ್ಲಿ ನನ್ನ ಕೈ ಮುರದದರಿ’ ಅಂದ್ರು. ಆ ಕಡಿಂದ ‘ಇನ್ನೊಂದು ಕೈಲೆ ಕೊತಂಬ್ರಿ ತೊಗೊಂಡು ಬಾ’ ಅಂತ ಬಂತು. ಬಾಯಿ ಮುಖ ಸಣ್ಣದು ಮಾಡ್ಕೊಂಡು ಪ್ಯಾಟಿಗೆ ಹೋದ್ರು.

೩. ಔರಾದ ಟು ಬೀದರ

ಔರಾದಿನಾಗ ಬಸ್‌ಸ್ಟ್ಯಾಂಡ್ ಬಾಜೂಕಿನ ಬಯಲಾಗ ಡ್ರಿಲ್. ಬಾಯಿಗೆ ಮತ್ತ ಕರಿ ರಿಬ್ಬನ್. ‘ಬದಲಿ ಮಾಡ್ತೇನಿ’ ಅಂದೆ. ‘ಇರ್ಲಿ ಬಿಡ್ರಿ, ರೂಢಿ ಆಗ್ಯದ’ ಅಂದ್ರು.

ಪುಣ್ಯಕ್ಕ ಈ ಸಲ ಹಟ ಮಾಡಿ ಅವರ ಯಜಮಾನ್ರನ್ನೂ ಕರಕೊಂಡು ಹೋಗಿದ್ದೆ. ‘ಎಲ್ಲಾ ಸುಳ್ಳರಿ ಅಣ್ಣಾ. ಮುಗದ ಮ್ಯಾಲ ನೀವೇ ಹೋಗಿ ಎಬ್ಬಸ್ರಿ, ಬಾಯಿಗೆ ಸಮಾಧಾನ ಆಗ್ತದ’ ಅಂತ ಹೇಳಿ ಹಗ್ಗದ ಹೊರಗ ನಿಲ್ಲಿಸಿದೆ. ‘ನಾಟಕ ಅಂತ ನನಗ ಗೊತ್ತಿಲ್ಲೇನು’ ಅಂದ್ರು.

ಸ್ಟ್ರೆಚರ್ ಹುಡುಗರು ಬಾಯಿ ಹಂತೇಲಿ ಬಂದು ರಿಬ್ಬನ್ ನೋಡಿ, ‘ಇವರು ಸತ್ತಾರ, ಮುಂದ ನಡೀರಿ’ ಅಂದ್ರು. ಜನ್ಮ ಪೂರ್ತಿ ತಾವೇ ಅಂದ ಮಾತು ಕಿವಿಗೆ ಬಿದ್ದದ್ದೇ ತಡ, ಅಣ್ಣಾಗ ಏನಾತೋ ಏನೋ, ಹಗ್ಗ ದಾಟಿದ್ರು. ‘ಉಸಿರಾಡ್ಲಕತ್ತಾಳ, ಕಣ್ಣು ಕಾಣಂಗಿಲ್ಲೇನು? ಹ್ಯಾಂಗ ಬಿಟ್ಟು ಹೋಗ್ತೀರಿ?’ ಅಂದವರೇ ಬಾಯೀನ ಎತ್ತಿಕೊಂಡು ಓಡಿದ್ರು. ಅಂಬುಲೆನ್ಸ್ ಎದುರಿಗೇ ನಿಂತಿತ್ತು. ಅದನ್ನೂ ದಾಟಿ ಓಡಿದ್ರು. ಅವರಿಗೆ ನಂಬಿಕಿ ಬಸ್ಸಿನ ಮ್ಯಾಲ. ಬೀದರ ಬಸ್ ಹೊಂಟು ನಿಂತಿತ್ತು. ಹಿಂದಿನ ಸೀಟಿನವರನ್ನೆಲ್ಲ ಎಬ್ಬಿಸಿ ಬಾಯೀನ ಮಲಗಿಸಿ, ‘ಸ್ಟಾಪ್ ಇಲ್ಲ, ಸೀದಾ ದವಾಖಾನಿ, ರೈಟ್’ ಅಂದ್ರು. ಕಂಡಕ್ಟರ್ ದನಿ ಕೇಳಿ ಡ್ರೈವರ್ ಬಿಟ್ಟೇಬಿಟ್ಟ.

ನಾವು ಖಾಲಿ ಅಂಬುಲೆನ್ಸಿನಾಗ ಸೈರನ್ ಹಾಕ್ಕೊಂಡು ಬಸ್ಸಿನ ಬೆನ್ನು ಹತ್ತಿದೆವು. ಅಂಬುಲೆನ್ಸಿನೊಳಗ ಯಾರೋ ಪಾಪ ಸಾಯ್ಲಕತ್ತಾರ ಅಂತ ಬಸ್ಸಿನ ಡ್ರೈವರ್ ದಾರಿ ಬಿಡಲಿಕ್ಕೆ ಬಸ್ ಬಾಜೂಕ ನಿಲ್ಲಿಸಿದ. ನಾ ಹತ್ತಿದೆ. ಬಾಯಿ ತಲಿ ಯಜಮಾನ್ರ ತೊಡಿ ಮ್ಯಾಲ ಅದ. ಅವರು ಟವೆಲ್ಲಿಲೆ ಗಾಳಿ ಹಾಕ್ಕೋತ ಅಳ್ಲಕತ್ತಾರ. ‘ಕಣ್ಣೇ ತೆರೀವಲ್ಲಳ್ರಿ ಸಿಸ್ಟರ್’ ಅಂದ್ರು.

ನಾ ಬಗ್ಗಿ ಬಾಯಿ ಕಿವಿಯೊಳಗ ಅಂದೆ: ‘ಡ್ರಿಲ್ ಮುಗದದ, ಏಳ್ರಿ. ಮನಸ್ಸು ಹ್ಯಾಂಗದರಿ?’

ಕಣ್ಣು ತೆರೀಲಾರದೇ ಸಣ್ಣ ದನಿಲೆ ಅಂದ್ರು: ‘ಮನಸ್ಸು ಭಾಳ ಛಲೋ ಅದರಿ ಸಿಸ್ಟರ್. ಬೀದರ ಬರೂತನಕ ನನ್ನ ಸತ್ತಂಗೇ ಇರ್ಲಿಕ್ಕೆ ಬಿಡ್ರಿ.’