ಶರಣಯ್ಯ ಗಲ್ಫಿಗೆ ಹೋಗಿ ಬಂದದ್ದು

ಭಾನುವಾರ ಬೆಳಗ್ಗೆ ಶರಣಯ್ಯ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಮಾತಾಡಬಾರದಿತ್ತು. ಮಾತಾಡಿದ. ಅದೂ ದುರುಗೇಶನ ಜೊತೆ. ಓಣಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ದುರುಗೇಶನ ಕಿವಿಗೆ ಬಿದ್ದ ಸುದ್ದಿ, ಅವನು ಇಸ್ತ್ರಿ ಮಾಡಿದ ಅಂಗಿಗಿಂತ ಮೊದಲೇ ಮನೆಮನೆಗೆ ಮುಟ್ಟುತ್ತದೆ.

“ಏನ್ರಿ ಅಯ್ಯಾರ, ದೊಡ್ಡ ಬ್ಯಾಗ್ ತುಂಬಿ ಕಟ್ಟಿ ಮ್ಯಾಲ ಇಟ್ಟೀರಿ. ಯಾ ಕಡಿ ಸವಾರಿ?”

“ಗಾಲ್ಫಿಗೆ” ಎಂದ ಶರಣಯ್ಯ. ಕಡ್ಡಿ ಅಡ್ಡ ಬಂದು ‘ಗಾ’ ಅನ್ನುವುದು ‘ಗ’ ಆಗಿ ಹೊರಗೆ ಬಿತ್ತು.

“ಗಲ್ಫಿಗಾ! ಎಷ್ಟು ದಿನಕ್ರೀ?”

“ಒಂದು ರೌಂಡ್ ಮುಗಿಸಿ ಬರ್ತೀನಪ್ಪ.”

ಗಲ್ಫಿಗೆ ಹೋದವರ ಮಾತಿನಲ್ಲಿ ಒಂದು ರೌಂಡ್ ಅಂದರೆ ಎರಡು ವರ್ಷ. ದುರುಗೇಶ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಹಾಗೇ ಬಿಟ್ಟು ಓಡಿದ.

ಪಾಪ, ಶರಣಯ್ಯ ಹೊರಟದ್ದು ಹತ್ತಿರದ ಶಕ್ತಿನಗರಕ್ಕೆ, ಕರೆಂಟು ಕಾರ್ಖಾನೆಯ ಚಿಮಣಿಗಳ ಊರಿಗೆ. ಅಲ್ಲಿ ಹೊಳೆಯ ದಂಡೆಯ ಬಯಲಲ್ಲಿ ಗಾಲ್ಫ್ ಮೈದಾನ ಆಗಿತ್ತು. ‘ಯಾರು ಬೇಕಾದರೂ ಆಡಬಹುದು, ಕೋಲು ಚೆಂಡು ಇಲ್ಲೇ ಸಿಗುತ್ತವೆ’ ಎಂಬ ಬೋರ್ಡನ್ನು ಅವನು ಬಸ್ಸಿನ ಕಿಟಕಿಯಿಂದ ಓದಿದ್ದ. ಒಂದು ಸುತ್ತಿನ ಖರ್ಚು ಒಂದು ಸಿನಿಮಾ ನೋಡಿದಷ್ಟೇ. ‘ಯಾರು ಬೇಕಾದರೂ’ ಎಂಬ ಮಾತು ಅವನ ಎದೆಯಲ್ಲಿ ನಾಟಿಕೊಂಡಿತು. ಶಾಲೆಯಲ್ಲಿ ಎಲ್ಲರೂ ಆಡುವಾಗ ಅವನಿಗೆ ಕೊಡುತ್ತಿದ್ದದ್ದು ಚಪ್ಪಲಿ ಕಾಯುವ ಕೆಲಸ. ಆಮೇಲೆ ಮಾನ್ವಿ ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಚೀಲ ಕಾಯುವ ಕೆಲಸ. ಐವತ್ತು ದಾಟಿದರೂ ಒಂದು ಚೆಂಡನ್ನು ತನ್ನ ಕೈಯಾರೆ ಹೊಡೆದವನಲ್ಲ. ಒಂದೇ ಒಂದು ಸುತ್ತು ಆಡಬೇಕು, ನೋಡುವವರು ನಗುವ ಮೊದಲೇ ಮನೆ ಸೇರಬೇಕು, ಇಷ್ಟೇ ಆಸೆ. ನಾಚಿಕೆಗೆ ಹೆಂಡತಿಗೂ ‘ಮಿಲ್ಲಿನ ಕೆಲಸ’ ಎಂದು ಹೇಳಿ, ನಂಬಲೆಂದು ಮಿಲ್ಲಿನ ಖಾಲಿ ಚೀಲಗಳನ್ನು ಬ್ಯಾಗಿಗೆ ತುಂಬಿದ್ದ.

ಬಾಯಿ ಮುಕ್ಕಳಿಸಿ, ಸ್ನಾನ ಪೂಜೆ ಮುಗಿಸಿ, ಚಹಾ ಕುಡಿದು ಹೊರಗೆ ಬಂದರೆ ಅಂಗಳದಲ್ಲಿ ನಿಲ್ಲಲು ಜಾಗವಿಲ್ಲ. ಯಾರೋ ತೆಂಗಿನಕಾಯಿ ಹಿಡಿದಿದ್ದರು, ಯಾರೋ ಹಾರ. ಒಬ್ಬಾಕೆ ತನ್ನ ಅಳಿಯನಿಗೆ ಅಲ್ಲೊಂದು ಕೆಲಸ ನೋಡಿ ಎಂದು ಅವನ ಫೋಟೊ ಕೊಟ್ಟಳು. ಗದ್ದಲದ ನಡುವೆ ಹೆಂಡತಿ ಸವಿತಾ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

“ಕಟ್ಕೊಂಡ ಹೆಂಡ್ತಿಗಿ ಒಂದು ಮಾತು ಹೇಳಲಾರದ ದುಬೈಗೆ ಹೊಂಟೀರೇನು?”

“ಏ, ದುಬೈ ಅಲ್ಲಲೇ, ಚಂಡಿನ ಆಟ...”

“ಆಟದ ಮಾತಲ್ರೀ ಅಯ್ಯಾರ ಇದು” ಎಂದು ದುರುಗೇಶ ಗದರಿಸಿ ಹಾರ ಹಾಕಿಯೇಬಿಟ್ಟ. “ಈ ವಯಸ್ಸಿನಾಗ ಪರದೇಶಕ್ಕ ಹೊಂಟೀರಿ. ನಮ್ಮ ಓಣಿ ಹೆಸರು ಉಳಿಸ್ರಿ!”

ಹೆಂಡತಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಶರಣಯ್ಯ ಇದ್ದದ್ದನ್ನು ಇದ್ದಹಾಗೆ ಹೇಳಿದ. ಸವಿತಾ ನಕ್ಕು ನಕ್ಕು ಹಿಟ್ಟಿನ ಬುಟ್ಟಿ ಹಿಡಿದು ಕೂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಆಡ್ರಿ. ಒಮ್ಮೆರ ಆಡ್ರಿ. ಇವರಿಗೆ ನಾ ಹೇಳ್ತೀನಿ” ಎಂದಳು. ಅವನಿಗೆ ಜೀವ ಬಂದಂತಾಯಿತು.

ಆದರೆ ಹೊರಗೆ ಬಾಗಿಲಲ್ಲಿ ಮುನವ್ವರ್ ಬೀ ನಿಂತಿದ್ದಳು. ಬಳೆ ವ್ಯಾಪಾರದ ಮುನವ್ವರ್ ಬೀ ಎಂದರೆ ಓಣಿಗೆಲ್ಲ ಹಿರಿಯಳು. ಅವಳ ಮಗ ಮುಷರ್ರಫ್ ಗಲ್ಫಿನ ಸೌದಿಗೆ ಹೋಗಿ ಎರಡನೆಯ ವರ್ಷ ನಡೆಯುತ್ತಿತ್ತು. ಅವಳು ಬಟ್ಟೆ ಸುತ್ತಿದ ಟಿಫನ್ ಡಬ್ಬಿ ಮುಂದೆ ಚಾಚಿದಳು.

“ನೀವು ಹೊಂಟೀರಿ ಅಂತ ಕೇಳಿದ್ದೇ ಒಲಿ ಹಚ್ಚೀನ್ರಿ. ಬಗಾರಾ ಅನ್ನ, ಬದನಿಕಾಯಿ. ನಿಮ್ಮ ಕೈಯಾಗ ಕಳಿಸೋದು, ಅದಕ್ಕ ಮಾಂಸ ಹಾಕಿಲ್ಲ. ನಮ್ಮ ಮುಷರ್ರಫ್‌ಗ ಕೊಡ್ರಿ. ಆರೋದ್ರೊಳಗ ಮುಟ್ಟಿಸ್ರಿ.”

ಸಮುದ್ರದ ಆಚೆಗೆ ಬಿಸಿ ಅನ್ನ ಮುಟ್ಟಿಸುವುದೇ! ಶರಣಯ್ಯ ಡಬ್ಬಿಗೆ ಕೈ ಒಡ್ಡಿದ. ಆ ಮುಖ ನೋಡಿ ‘ನಾನು ಹೊರಟದ್ದು ಅಲ್ಲಿಗಲ್ಲ’ ಎನ್ನಲು ನಾಲಿಗೆ ಏಳಲಿಲ್ಲ. ಸವಿತಾಳ ಕಡೆ ನೋಡಿದ. ಅವಳೂ ಬೇಡ ಎಂದು ತಲೆಯಾಡಿಸಿದಳು.

ಓಣಿಯ ವಲಿ ಪಾಷಾ ತನ್ನ ಆಟೋದಲ್ಲಿ ಅವನನ್ನು ಕೂರಿಸಿಕೊಂಡು, ಉದ್ದಕ್ಕೂ ಹಾರ್ನ್ ಹೊಡೆಯುತ್ತ ಬಸ್‌ಸ್ಟ್ಯಾಂಡಿಗೆ ತಂದ. ವಿಮಾನ ಹತ್ತುವುದು ಹೈದರಾಬಾದಿನಲ್ಲಿ ಎಂದು ತಾನೇ ತೀರ್ಮಾನಿಸಿ ಹೈದರಾಬಾದ್ ಬಸ್ಸು ಹತ್ತಿಸಿದ. ಪುಣ್ಯಕ್ಕೆ ಆ ಬಸ್ಸು ಶಕ್ತಿನಗರದ ಮೇಲೆಯೇ ಹೋಗುತ್ತದೆ. ವಲಿ ಪಾಷಾ ಕೈಬೀಸುವುದನ್ನು ನಿಲ್ಲಿಸಿದ ಮೇಲೆಯೇ ಶರಣಯ್ಯ ಕಂಡಕ್ಟರಿಗೆ ಪಿಸುದನಿಯಲ್ಲಿ, “ಒಂದು ಶಕ್ತಿನಗರ” ಎಂದ. ಕಂಡಕ್ಟರ್ ಅವನ ಕೊರಳ ಹಾರ ನೋಡಿ, ಅಷ್ಟು ಹತ್ತಿರದ ಊರಿಗೆ ಇಷ್ಟು ದೊಡ್ಡ ಬೀಳ್ಕೊಡುಗೆಯೇ ಎಂದು ಬೆರಗಾದ.

ಮೈದಾನದಲ್ಲಿ ಹುಲ್ಲಿಗಿಂತ ಉಸುಕೇ ಹೆಚ್ಚು. ಚೆಂಡು ಬೀಳಿಸುವ ಕುಳಿಯ ಸುತ್ತ, ಅದು ಸರಾಗ ಉರುಳಲೆಂದು, ಉಸುಕಿಗೆ ಎಣ್ಣೆ ಹಾಕಿ ಬಳಿದಿದ್ದರು. ಎರಡು ಎಮ್ಮೆ ಯಾರ ಅಪ್ಪಣೆಯನ್ನೂ ಕೇಳದೆ ಅಡ್ಡಾಡುತ್ತಿದ್ದವು. ಚೀಟಿ ಕೊಡುವವನು ಒಂದು ಕೋಲು, ಒಂದು ಚೆಂಡು ಕೈಗಿಟ್ಟು, “ಒಂದು ಸುತ್ತು. ಬಿಸಿಲು ನೆತ್ತಿಗೆ ಬಂತಂದ್ರ ಬಂದ್ ನೋಡ್ರಿ” ಎಂದ.

ಶರಣಯ್ಯ ಹಾರ ತೆಗೆದಿಟ್ಟ, ಡಬ್ಬಿಯನ್ನು ನೆರಳಿಗಿಟ್ಟ, ಮನೆದೇವರನ್ನು ನೆನೆದು ಕೋಲು ಬೀಸಿದ. ಮಣ್ಣಿನ ಹೆಂಟೆ ಮುಂದಕ್ಕೆ ಹಾರಿತು, ಚೆಂಡು ಪಕ್ಕಕ್ಕೆ ಹಾರಿತು. ಆದರೂ ಹಾರಿತಲ್ಲ! ಕೈಯಲ್ಲಿ ಉಳಿದ ಆ ಜುಮ್ಮೆನ್ನುವ ನಡುಕಕ್ಕೆ ಅವನು ಒಬ್ಬನೇ ನಿಂತು ಮಗುವಿನ ಹಾಗೆ ನಕ್ಕ. ಚೆಂಡು ಹೋಗಿ ಆಚೆಯ ಉಸುಕಿನ ಗುಂಡಿಯಲ್ಲಿ ಬಿದ್ದಿತ್ತು. ಹುಡುಕುತ್ತ ಹೋದರೆ ಗುಂಡಿಯ ಒಳಗಿನಿಂದ ಮಾತು ಕೇಳಿಸಿತು.

“ಹೂಂ ಅಮ್ಮಿ, ಇಲ್ಲಿ ಭಾಳ ಬಿಸಿಲು. ನೋಡು, ಎಲ್ಲಿ ನೋಡಿದರೂ ಉಸುಕು...”

ತಲೆಗೆ ಬಿಳಿ ಬಟ್ಟೆ ಸುತ್ತಿದ ಆಳೊಬ್ಬ ಉಸುಕು ಎಳೆಯುವ ಕುಂಟೆಗೆ ಫೋನು ಆನಿಸಿ ವಿಡಿಯೋದಲ್ಲಿ ಮಾತಾಡುತ್ತಿದ್ದ. ಶರಣಯ್ಯನನ್ನು ಕಂಡದ್ದೇ ಫೋನು ಉಸುಕಿಗೆ ಬಿದ್ದು ಕರೆ ಕಟ್ಟಾಯಿತು.

“ಮುಷರ್ರಫ್!”

“ಅಯ್ಯಾರ... ನೀವು ಇಲ್ಲಿ?”

“ನಾ ಗಾಲ್ಫಿಗೆ ಬಂದೀನಪ್ಪ. ನೀ ಗಲ್ಫಿನಾಗಲ್ಲೇನು ಇರಬೇಕಾದದ್ದು?”

ಮುಷರ್ರಫ್ ತಲೆ ತಗ್ಗಿಸಿ ಕೂತ. “ಹೋಗೋದು ಖರೇನ ಇತ್ರಿ. ಹೈದರಾಬಾದಿನಾಗ ಏಜೆಂಟ್ ಕೈಕೊಟ್ಟ. ವಾಪಸ್ ಬರೋವಾಗ ಇಲ್ಲಿ ಇಳಿದು ಕೆಲಸ ಕೇಳಿದೆ, ಕೊಟ್ಟರು. ಗಾಲ್ಫಿನಾಗ ಕೆಲಸ ಸಿಕ್ತು ಅಂತ ಅಮ್ಮಿಗೆ ಫೋನ್ ಮಾಡಿದೆ. ಆಕಿ ಗಲ್ಫ್ ಮುಟ್ಟಿದ ಅಂತ ಓಣಿಗೆಲ್ಲ ಸಕ್ಕರಿ ಹಂಚಿಬಿಟ್ಲು. ಹಂಚಿದ ಸಕ್ಕರಿ ಹ್ಯಾಂಗ್ರೀ ವಾಪಸ್ ಕೇಳೋದು?”

ಶರಣಯ್ಯನಿಗೆ ನಗು ಬಂತು. “ನಾ ಗಲ್ಫಿಗೆ ಹೊಂಟೀನಂತ ನಿಮ್ಮ ಅಮ್ಮಿ ನಿನಗ ಕಟ್ಟಿಕೊಟ್ಟದ್ದು” ಎಂದು ಡಬ್ಬಿ ತಂದು ಅವನ ಮುಂದಿಟ್ಟ. ಮುಚ್ಚಳ ತೆಗೆದರೆ ಬಿಸಿ ಹಬೆ ಎದ್ದಿತು. ಮುಷರ್ರಫ್ ಮೊದಲ ತುತ್ತು ಬಾಯಿಗಿಟ್ಟು ಅಗಿಯಲಾರದೆ ಕೂತ, ಆಮೇಲೆ ಅಳುತ್ತ ಉಂಡ. ಅಂಥ ಊಟದ ನಡುವೆ ಎದ್ದು ಹೋಗಿ ಚೆಂಡು ಹೊಡೆಯುವುದಾದರೂ ಹೇಗೆ? ಶರಣಯ್ಯ ಪಕ್ಕದಲ್ಲೇ ಕೂತು ಅವನ ಕಥೆಯೆಲ್ಲ ಕೇಳಿದ. ಕಥೆ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು, ಚೀಟಿ ಕೊಡುವವನು ಬಂದು ಕೋಲನ್ನು ಕಸಿದುಕೊಂಡ.

ಮುಷರ್ರಫ್ ಬಜಾರಿಗೆ ಓಡಿ ಹೋಗಿ ಖರ್ಜೂರದ ಪೊಟ್ಟಣ ತಂದ. “ಅಮ್ಮಿಗೆ ಕೊಡ್ರಿ. ಅಲ್ಲಿಂದ ರಜಾಕ್ಕ ಬಂದವನು ಏರ್‌ಪೋರ್ಟಿನಾಗ ಸಿಕ್ಕಿದ್ದ, ಅವನ ಕೈಯಾಗ ನಾ ಕಳಿಸೀನಿ ಅಂತ ಹೇಳ್ರಿ. ಖರೇ ಹೇಳಿದರ ಆಕಿ ಎದಿ ಒಡೀತದ.”

ಹೈದರಾಬಾದಿಗೆ ಹೋಗಿ ಬರುವಷ್ಟು ಹೊತ್ತಾದರೂ ಕಳೆಯಬೇಕಲ್ಲ. ಪಕ್ಕದ ದೇವಸೂಗೂರಿನ ಗುಡಿಯ ಕಟ್ಟೆಯ ಮೇಲೆ ಸುಳ್ಳನ್ನು ಬಾಯಿಪಾಠ ಮಾಡುತ್ತ ಕೂತು, ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಶರಣಯ್ಯ ಓಣಿಗೆ ಕಾಲಿಟ್ಟ. ದುರುಗೇಶ ಎದೆ ಬಡಿದುಕೊಂಡ.

“ವಾಪಸ್ ಕಳಿಸಿದ್ರೇನ್ರಿ?”

“ವಿಸಾದಾಗ ಏನೋ ತಪ್ಪಿತ್ತಂತ” ಎಂದ ಶರಣಯ್ಯ. ಬೆಳಗಿನ ಜನವೆಲ್ಲ ಮತ್ತೆ ಸೇರಿ ಅಯ್ಯೋ ಪಾಪ ಎಂದರು. ಅಳಿಯನ ಫೋಟೊ ಕೊಟ್ಟಾಕೆ ಅದನ್ನು ಮರೆಯದೆ ವಾಪಸ್ ತೆಗೆದುಕೊಂಡಳು. ಶರಣಯ್ಯ ಮುನವ್ವರ್ ಬೀಗೆ ಪೊಟ್ಟಣ ಕೊಟ್ಟು ಬಾಯಿಪಾಠ ಒಪ್ಪಿಸಿದ. ಅವಳು ಕೇಳುತ್ತಲೇ ಪೊಟ್ಟಣದ ಮೇಲೆ ಅಂಟಿಸಿದ್ದ ಶಕ್ತಿನಗರದ ಅಂಗಡಿಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತು ಉಂಡೆ ಮಾಡಿ ಸೆರಗಿನ ಗಂಟಿಗೆ ಸೇರಿಸಿದಳು. ಆಮೇಲೆ ಎಲ್ಲರಿಗೂ ಒಂದೊಂದು ಖರ್ಜೂರ ಹಂಚಿದಳು.

“ಸೌದಿ ಖರ್ಜೂರದ ರುಚಿನೇ ಬ್ಯಾರೆ ಬಿಡ್ರಿ” ಎಂದು ದುರುಗೇಶ ಬೀಜ ಚೀಪಿದ.

ಜನ ಚದುರಿದ ಮೇಲೆ ಮುನವ್ವರ್ ಬೀ ಹತ್ತಿರ ಬಂದಳು.

“ಅನ್ನ ಬಿಸಿ ಇತ್ತೇನ್ರಿ?”

ಶರಣಯ್ಯನ ಬಾಯಿಪಾಠ ಕೈಕೊಟ್ಟಿತು. “ನಿಮಗ... ಗೊತ್ತದೇನು?”

“ಫೋನಿನಾಗ ಅವನ ಹಿಂದ ಶಕ್ತಿನಗರದ ಚಿಮಣಿ ಹೊಗಿ ಬಿಡಾಕತ್ತಿರ್ತದ. ಸೌದಿಯಾಗ ಆ ಚಿಮಣಿ ಎಲ್ಲಿಂದ ಬರಬೇಕ್ರಿ? ಅವನ ಗಾಲ್ಫೂ ನನ್ನ ಕಿವ್ಯಾಗ ಹಿಂಗ ಗಲ್ಫ್ ಆಗಿತ್ತಲ್ರೀ, ಅದಕ್ಕ ಮುಂಜಾನಿ ನೀವು ಎಲ್ಲಿಗೆ ಹೊಂಟೀರಿ ಅಂತನೂ ನನಗೊಬ್ಬಾಕಿಗೆ ತಿಳೀತು.” ಅವಳು ನಕ್ಕಳು. “ಗೊತ್ತದ ಅಂದ್ರ ನಾಚಿಕೊಂಡು ಫೋನೂ ಬಿಟ್ಟುಬಿಡ್ತಾನ. ಅವನ ರೌಂಡ್ ಮುಗೀಲಿ. ಒಂದು ಅತ್ತರ್ ಬಾಟಲಿ ಹಿಡ್ಕೊಂಡು ಬರ್ತಾನ. ನಾ ಹಚ್ಕೊಂಡು ಓಣಿ ತುಂಬ ಅಡ್ಡಾಡ್ತೀನಿ. ಅಲ್ಲೀತನ ಅವನಿಗೆ ಹೇಳಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ.”

“ಛೆ ಛೆ, ಹೇಳಂಗಿಲ್ಲ ತಗೀರಿ.”

“ಮತ್ತ ಬರೋ ಐತಾರ ಹೋಗ್ತೀರಲ್ರೀ, ಗಾಲ್ಫಿಗೆ?” ಆ ‘ಗಾ’ವನ್ನು ಅವಳು ಎಷ್ಟು ಸ್ಪಷ್ಟವಾಗಿ ಎಳೆದಳೆಂದರೆ ಮಿಲ್ಲಿನ ಮಾಲೀಕನಿಗೂ ಹಾಗೆ ಬರಲಿಕ್ಕಿಲ್ಲ. “ಪ್ರತಿ ಐತಾರ ಡಬ್ಬಿ ಕಟ್ಟತೀನಿ. ನಿಮ್ಮ ಮನ್ಯಾಗಿಂದು ಅಂತ ಹೇಳಿ ಕೊಡ್ರಿ.”

ಮನೆಯ ಒಳಗೆ ಸವಿತಾ ರೊಟ್ಟಿ ಮಾಡಿಟ್ಟು ಕಾಯುತ್ತಿದ್ದಳು. “ಆಡಿದ್ರೇನ್ರಿ?” ಎಂದು ಆಸೆಯಿಂದ ಕೇಳಿದಳು.

“ಒಂದು ಹೊಡೆದೆ” ಎಂದ ಶರಣಯ್ಯ. ಅಂಗೈ ನೋಡಿಕೊಂಡ. ಬೆಳಗಿನ ಆ ಜುಮ್ಮೆನ್ನುವುದು ಇನ್ನೂ ಅಷ್ಟಿಷ್ಟು ಉಳಿದಂತಿತ್ತು. ಆಮೇಲೆ ಉಸುಕಿನ ಗುಂಡಿಯಲ್ಲಿ ಸಿಕ್ಕ ಮುಷರ್ರಫ್‌ನ ಕಥೆ ಹೇಳಿದ.

“ಇರಲಿ, ಬರೋ ಐತಾರ ಪೂರಾ ಆಡೀರಂತ.”

“ಎಲ್ಲೀ ಆಟಲೇ!” ಶರಣಯ್ಯ ರೊಟ್ಟಿ ಮುರಿದ. “ಅವನು ಉಂಡು ಮುಗಿಸೋತನ ಡಬ್ಬಿ ಹತ್ರ ಎಮ್ಮಿ ಬರದಂಗ ಕಾಯಬೇಕಲ್ಲ.”