ಕೆಡದ ಯಂತ್ರಕ್ಕೊಬ್ಬ ಕಾವಲುಗಾರ

ಕೆಡದ ವಸ್ತುವನ್ನು ರಿಪೇರಿ ಮಾಡಲು ಸಂಬಳ ತೆಗೆದುಕೊಳ್ಳುವವನ ಸಂಕಟ ಶತ್ರುವಿಗೂ ಬೇಡ. ಸಕಲೇಶಪುರದಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗವೆಂದರೆ ನಾನು ಮತ್ತು ಆಫೀಸಿನ ಲೆಕ್ಕ, ಬಿಲ್ಲು ಎಲ್ಲ ನೋಡಿಕೊಳ್ಳುವ ಒಂದು ಕಪ್ಪು ಸರ್ವರ್. ಮೇಜಿನ ಮೇಲಿನ ಕಂಪ್ಯೂಟರಿಗಿಂತ ದೊಡ್ಡದು, ಬ್ಯಾಂಕಿನವರ ಭಾರೀ ಯಂತ್ರಕ್ಕಿಂತ ಚಿಕ್ಕದು. ನನ್ನ ಹಾಗೆ ಮಧ್ಯಮ ವರ್ಗ. ಹೆತ್ತೂರಿನ ಕಡೆ ಆನೆ ಕಂಬ ಬೀಳಿಸಿ ಊರಿಗೆಲ್ಲ ಕರೆಂಟು ಹೋದರೆ, ಬ್ಯಾಟರಿಯಲ್ಲೇ ಕೈಯಲ್ಲಿದ್ದ ಕೆಲಸ ಮುಗಿಸಿ ಮಲಗುತ್ತದೆ. ಕರೆಂಟು ಬಂದರೆ ಯಾರೂ ಎಬ್ಬಿಸದೆ ಏಳುತ್ತದೆ. ಒಳಗಿನ ಒಂದು ಡಿಸ್ಕ್ ಸತ್ತರೆ ಪಕ್ಕದ್ದು ಗೊಣಗದೆ ಅದರ ಕೆಲಸವನ್ನೂ ಹೊರುತ್ತದೆ. ಈ ಗುಣ ನಮ್ಮ ಆಫೀಸಿನಲ್ಲಿ ಬೇರೆ ಯಾರಿಗೂ ಇಲ್ಲ.

ಈ ಒಳ್ಳೆಯತನವೇ ನನಗೆ ಮುಳುವಾಯಿತು. ಮ್ಯಾನೇಜರ್ ಮಲ್ಲೇಶಪ್ಪನವರು ಕರೆದು, “ಮಿಷಿನ್ ಒಂದಿನಾನೂ ಕೆಟ್ಟಿಲ್ಲ. ಅಂದ್ಮೇಲೆ ನೀವ್ಯಾಕ್ರೀ? ಹಬ್ಬ ಮುಗೀಲಿ, ಸ್ಟೋರಲ್ಲಿ ಮೂಟೆ ನೋಡ್ಕಂಡಿರಿ” ಎಂದರು. ಯಂತ್ರವೇ, ಒಂದೇ ಒಂದು ಸಲ ಕೆಟ್ಟುಬಿಡು ತಂದೆ ಎಂದು ಬೇಡಿಕೊಂಡೆ.

ಆಯುಧಪೂಜೆ ಮುಗಿದ ಮಧ್ಯಾಹ್ನ ಯಂತ್ರದ ಕೆಂಪು ದೀಪ ಮಿಟುಕುತ್ತಿತ್ತು. ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ನೋಡಿದರೆ ಸ್ಟೋರಿನ ಜಯಕ್ಕ ಭಕ್ತಿ ಉಕ್ಕಿ, ಯಂತ್ರ ಗಾಳಿ ಎಳೆದುಕೊಳ್ಳುವ ಜಾಲರಿಗೇ ಚೆಂಡುಹೂವಿನ ಹಾರ ಒತ್ತಾಗಿ ಕಟ್ಟಿದ್ದರು. ಅದು ಬೇಯುತ್ತಲೇ ಫ್ಯಾನು ಜೋರು ಮಾಡಿಕೊಂಡು ಬಿಲ್ಲು ಹಾಕುತ್ತಿತ್ತು. ಹಾರ ಬಿಚ್ಚಿದೆ, ದೀಪ ಆರಿತು. ಆದರೆ ಅಷ್ಟು ಬೇಗ ಹೊರಬಂದರೆ ನನ್ನ ಮರ್ಯಾದೆ ಏನಾಗಬೇಕು? ಬಾಗಿಲು ಹಾಕಿಕೊಂಡು ಸ್ಕ್ರೂಡ್ರೈವರಿನಿಂದ ಟಕಟಕ ಸದ್ದು ಮಾಡುತ್ತ ಕೂತೆ. ಆಮೇಲೆ ಹಣೆ ಒರೆಸಿಕೊಳ್ಳುತ್ತ ಬಂದು, “ಭಾರೀ ಕಷ್ಟದ ಕೇಸು ಸಾರ್” ಎಂದೆ.

ಮಲ್ಲೇಶಪ್ಪನವರು ಮೊಬೈಲು ತೋರಿಸಿದರು. ಯಂತ್ರ ತನ್ನ ಆರೋಗ್ಯವನ್ನು ನಮ್ಮಿಬ್ಬರಿಗೂ ಮೆಸೇಜು ಮಾಡುವ ಏರ್ಪಾಡು ನನ್ನದೇ. ‘ಗಾಳಿ ಸಾಲದು’ ಎಂದು ಬರೆದಿತ್ತು. ಕೆಳಗೇ, ‘ಸರಿಹೋಯಿತು.’ ಅವರು ನನ್ನ ಹೆಗಲ ಮೇಲಿದ್ದ ಹೂವಿನ ಎಸಳನ್ನು ಎತ್ತಿಕೊಂಡರು.

“ಸರಿಹೋಗಿ ಆಗ್ಲೇ ಒಂದು ಗಂಟೆ ಆತು ಮಾರಾಯ್ರೆ. ಒಳಗೆ ಅರ್ಚನೆ ಮಾಡಿಸ್ತಿದ್ರಾ?”

ನಾನು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದೆ.

“ಹೋಗ್ಲಿ, ಜಯಕ್ಕ ಇರೋಗಂಟ ಹೂ ತೆಗ್ಯೋಕೆ ಒಬ್ರು ಬೇಕೇ ಬೇಕು. ಅಲ್ಲೇ ಇದ್ದುಬುಡಿ.”

ಹೀಗೆ ನೌಕರಿ ಉಳಿಯಿತು. ಮೊನ್ನೆ ಜ್ವರ ಬಂದು ರಜೆ ಹಾಕಿದೆ. ಆಫೀಸಿನಿಂದ ಹೇಗಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ಸಂಜೆ ಮೊಬೈಲು ಗುಂಯ್ ಎಂದಿತು. ಯಂತ್ರ! ಕಣ್ಣು ತುಂಬಿ ಬಂತು. ಹೆಂಡತಿ ಇಣುಕಿ ಓದಿದಳು.

“ನಿಮ್ಮನ್ನ ವಿಚಾರಿಸ್ತಿಲ್ಲ ಕಣ್ರೀ. ನೀವಿಲ್ದೆ ಎಲ್ಲ ಚೆನ್ನಾಗೈತೆ ಅಂತೈತೆ.”